ಕೊಡಲು ಹೋದ ವರ್ಷ

ಹೋದ ತಿಂಗಳು ಗಾಳಿಬೀಡಿನ ಮಗಳ ಮನೆಗೆ ಹೋಗಿದ್ದೆ. ಮಳೆ ಬಿಡುವು ಕೊಡದೆ ಹೊಯ್ಯುತ್ತಿತ್ತು. ರಶ್ಮಿ ನೀರಿನಲ್ಲಿ ನೆನೆಹಾಕಿದ್ದ ಎಳೆಬಿದಿರಿನ ಕಣಿಲೆಯನ್ನು ಹಿಂಡಿ ತೆಗೆದು ಉಪ್ಪಿನಕಾಯಿ ಹಾಕಲು ಕೂತಿದ್ದಳು. ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ. ಅವಳು ವಿನೆಗರ್ ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಆ ಹುಳಿ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದದ್ದನ್ನು ಹಾಗೇ ಬಿಟ್ಟು ಎದ್ದು ಜಗಲಿಗೆ ಬಂದುಬಿಟ್ಟೆ.

"ಏನಮ್ಮ, ತಲೆ ಸುತ್ತುತ್ತಾ?" ಎಂದು ಹಿಂದೆಯೇ ಬಂದಳು.

"ಇಲ್ಲ ಕಣೆ. ಸ್ವಲ್ಪ ಗಾಳಿ ಬೇಕನ್ನಿಸ್ತು."

ಅವಳು ಒಳಗೆ ಹೋಗಿ ಬಾಟಲಿಯ ಮುಚ್ಚಳ ಹಾಕಿ ಬಂದಳು. ಅವಳಿಗೂ ಗೊತ್ತು. ಡಯಾಲಿಸಿಸ್ ಯಂತ್ರಗಳನ್ನು ತೊಳೆದಾಗ ಆಸ್ಪತ್ರೆಯ ಆ ಕೋಣೆಯ ತುಂಬ ಇದೇ ವಾಸನೆ ಇರುತ್ತಿತ್ತು. ನಾವು ಹಿಂತಿರುಗಿ ಬಂದ ಮೇಲೂ ಇವರ ಅಂಗಿಯಲ್ಲಿ, ಹೊದ್ದು ಕೂರುತ್ತಿದ್ದ ಶಾಲಿನಲ್ಲಿ ಅದು ಉಳಿದಿರುತ್ತಿತ್ತು. ಎಷ್ಟು ಒಗೆದರೂ ಆ ಶಾಲಿನಿಂದ ವಾಸನೆ ಹೋದಂತೆ ನನಗೆ ಅನ್ನಿಸಲೇ ಇಲ್ಲ.

ಇವರು ಎಂದರೆ ನನ್ನ ಗಂಡ ಶಿವಣ್ಣ. ಕುಶಾಲನಗರದಲ್ಲಿ ಟಿಲ್ಲರ್, ಸ್ಪ್ರೇಯರ್, ಕಳೆ ಹೊಡೆಯುವ ಮಿಷನ್ನುಗಳನ್ನು ರಿಪೇರಿ ಮಾಡುವ ಶೆಡ್ಡು ಇತ್ತು ಅವರಿಗೆ. ಅದಕ್ಕೆ ಅಂಟಿಕೊಂಡ ಮಳಿಗೆಯಲ್ಲಿ ನನ್ನ ಹೊಲಿಗೆ ಅಂಗಡಿ. ಅವರ ತಾತನ ಕಾಲದಲ್ಲಿ ಅರಕಲಗೂಡಿನ ಕಡೆಯಿಂದ ಶಿರಂಗಾಲಕ್ಕೆ ಬಂದು ನೆಲೆ ನಿಂತ ಮನೆತನ. ಜಮೀನನ್ನು ಮೈದುನ ನೋಡಿಕೊಳ್ಳುತ್ತಾನೆ, ಶುಂಠಿ ಹಾಕುತ್ತಾನೆ. ಇವರಿಗೆ ಮಣ್ಣಿಗಿಂತ ಮಿಷನ್ನಿನ ಮೇಲೆ ಜೀವ. ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದೇ ಕಡಿಮೆ. ತಟ್ಟೆ ಕೈಯಲ್ಲಿ ಹಿಡಿದು ಹಿತ್ತಲಿಗೂ ಬಾಗಿಲಿಗೂ ಓಡಾಡುತ್ತಾ ಉಣ್ಣುವ ಮನುಷ್ಯ. ಮದುವೆಯಾದ ಹೊಸತರಲ್ಲಿ ನಮ್ಮತ್ತೆ ನನಗೆ ಹೇಳಿದ್ದರು, "ಇವನನ್ನ ಒಂದು ಕಡೆ ಕೂರಿಸೋಕೆ ಹೋಗಬೇಡ, ನೀನೇ ಸೋಲ್ತೀಯ."

ಕೂರಿಸಿದ್ದು ಕಾಯಿಲೆ. ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ, ಚಪ್ಪಲಿ ಬಿಗಿಯಾಗುತ್ತಿದೆ ಎಂದು ಇವರು ಹೊಸ ಜೊತೆ ತಂದರು. ಅದೂ ಬಿಗಿಯಾಯಿತು. ಬೆಳಿಗ್ಗೆ ಕಣ್ಣಿನ ಕೆಳಗೆ ಊದಿಕೊಂಡಿರುತ್ತಿತ್ತು. ಊಟ ಸೇರದು, ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ ಎನ್ನುತ್ತಿದ್ದರು. ನಿದ್ದೆ ಕಡಿಮೆ, ಶೆಡ್ಡಿನ ಹೊಗೆ, ಬಿಸಿಲು ಎಂದು ನಾವಿಬ್ಬರೂ ಕಾರಣಗಳನ್ನು ಹುಡುಕಿಕೊಂಡು ದಿನ ತಳ್ಳಿದೆವು. ಒಂದು ದಿನ ಟಿಲ್ಲರ್ ಸ್ಟಾರ್ಟ್ ಮಾಡಲು ಹಗ್ಗ ಎಳೆದವರು ಉಸಿರು ಸಿಗದೆ ನೆಲಕ್ಕೆ ಕೂತುಬಿಟ್ಟರು. ಆಸ್ಪತ್ರೆಗೆ ಹೋದ ಮೇಲೆ ಗೊತ್ತಾದದ್ದು, ಬಿ.ಪಿ. ಎಷ್ಟು ವರ್ಷದಿಂದ ಏರಿ ಕೂತಿತ್ತೋ ಏನೋ, ಎರಡೂ ಕಿಡ್ನಿ ಮುಗಿದೇ ಹೋಗಿವೆ ಎಂದು. ಇವರಿಗೆ ಆಗ ಐವತ್ತೆಂಟು. ನನಗೆ ಐವತ್ತೆರಡು.

ಮುಂಗಾರು ಶುರುವಾಗುವುದಕ್ಕೂ ಮಡಿಕೇರಿಗೆ ನಮ್ಮ ಓಡಾಟ ಶುರುವಾಗುವುದಕ್ಕೂ ಸರಿಹೋಯಿತು. ವಾರಕ್ಕೆ ಎರಡು ಸಲ ಬೆಳಗಿನ ಬಸ್ಸು ಹಿಡಿದು ಸುಂಟಿಕೊಪ್ಪ ದಾಟಿ ಮಂಜಿನೊಳಗೆ ಹತ್ತಬೇಕು. ಇವರನ್ನು ಯಂತ್ರಕ್ಕೆ ಹಾಕಿದ ಮೇಲೆ ನನಗೆ ಕಾರಿಡಾರಿನ ಬೆಂಚು. ಸಂಜೆ ಇಳಿದು ಬರುವಾಗ ಇವರ ಮುಖ ಹಿಂಡಿದ ಬಟ್ಟೆಯ ಹಾಗಿರುತ್ತಿತ್ತು. ಮರುದಿನ ಮತ್ತೆ ಶೆಡ್ಡಿಗೆ ಹೊರಡುವ ಹಟ.

ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಕುಡಿದದ್ದನ್ನು ಹೊರಹಾಕುವ ಕಿಡ್ನಿ ಇಲ್ಲವಲ್ಲ, ಇಡೀ ದಿನಕ್ಕೆ ಒಂದು ಸಣ್ಣ ಬಾಟಲಿ ಅಷ್ಟೇ. ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರ ಲೆಕ್ಕಕ್ಕೇ ಸೇರಬೇಕು. ಮನೆಯ ಹಿಂದೆ ಕಾವೇರಿ ಕೆಂಪಗೆ ಉಬ್ಬಿಕೊಂಡು ಬರುತ್ತಿದ್ದಳು; ತಗ್ಗಿನ ಬಡಾವಣೆಯವರು ಗ್ಯಾಸ್ ಸಿಲಿಂಡರ್, ಟಿ.ವಿ. ಹೊತ್ತು ನೆಂಟರ ಮನೆಗಳಿಗೆ ಹೋಗುತ್ತಿದ್ದರು. ನಮ್ಮ ಮಾಡಿನಿಂದ ನೀರು ದಬದಬ ಸುರಿಯುತ್ತಿತ್ತು. ಅದರ ಮಧ್ಯೆ ಈ ಮನುಷ್ಯ ನಾಲಗೆ ಒಣಗಿ ಕೂತಿರುತ್ತಿದ್ದರು. ಬಾಯಿ ಮುಕ್ಕಳಿಸಲು ಹೋದವರು ನುಂಗಿಬಿಡುತ್ತಾರೇನೋ ಎಂದು ನಾನು ಬಚ್ಚಲಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ.

"ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?" ಎನ್ನುತ್ತಿದ್ದರು.

ಸಂಜೆಯಾದರೆ ಕಾಲುಗಳ ಕಾಟ. ನೋವಲ್ಲ, ಜೋಮಲ್ಲ, ಮೂಳೆಯೊಳಗೆ ಏನೋ ಹರಿದಾಡುತ್ತದೆ, ಅಲ್ಲಾಡಿಸದಿದ್ದರೆ ತಡೆಯಲಾಗದು ಎನ್ನುತ್ತಿದ್ದರು. ಮನೆಯ ಉದ್ದಕ್ಕೂ ನಡೆಯುತ್ತಿದ್ದರು. ಹೊಲಿಗೆ ಮಿಷನ್ನಿನ ಮುಂದೆ ಕೂತ ನನಗೂ ಅದು ಅಂಟಿತು. ಯಾರದೋ ರವಿಕೆಯ ತೋಳು ಹಚ್ಚುತ್ತಾ ಹಚ್ಚುತ್ತಾ ಎದ್ದು ಹೋಗಿ ಬಾಗಿಲು ನೋಡುವುದು, ಬಂದು ಕೂರುವುದು, ಮತ್ತೆ ಏಳುವುದು. ಹೊಲಿದದ್ದನ್ನು ಬಿಚ್ಚಿದ್ದೇ ಹೆಚ್ಚು.

ಕಿಡ್ನಿ ಬದಲಿಸುವ ಮಾತನ್ನು ಮೊದಲು ಎತ್ತಿದವರು ಮಡಿಕೇರಿಯ ಡಾಕ್ಟರು. ಬಸ್ಸಿನಲ್ಲಿ ಬರುವಾಗಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಮನೆಗೆ ಬಂದು ಹೇಳಿದೆ.

"ನಿನ್ನ ಹೊಟ್ಟೆ ಕೊಯ್ಸಿ ನಾನು ಬದುಕ್ಬೇಕಾ? ಆಗಾಕಿಲ್ಲ," ಅಂದರು.

"ನಂಗೆ ಎರಡಿದಾವೆ. ಒಂದರಲ್ಲಿ ಚೆನ್ನಾಗಿರ್ಬೋದಂತೆ."

"ಅವ್ರು ಹೇಳ್ತಾರೆ. ನಾಳೆ ಇನ್ನೊಂದಕ್ಕೆ ಏನಾದ್ರೂ ಆದ್ರೆ?"

ಮಗಳು ತಾನು ಕೊಡುತ್ತೇನೆ ಎಂದಳು. ಅವಳಿಗೆ ಇನ್ನೂ ಸಣ್ಣ ಮಗು. ಅಪ್ಪ ಮಗಳು ಫೋನಿನಲ್ಲಿ ಜಗಳವಾಡಿ ಕೆಲವು ದಿನ ಮಾತು ಬಿಟ್ಟರು. ಕೊನೆಗೆ ಇವರನ್ನು ಒಪ್ಪಿಸಿದ್ದು ಡಯಾಲಿಸಿಸ್ ಕೋಣೆಯಲ್ಲಿ ಪಕ್ಕದ ಮಂಚದ ಪೂವಯ್ಯನವರು. ಹೆಂಡತಿ ತೀರಿಕೊಂಡು ಒಬ್ಬರೇ ಇದ್ದ ಕೊಡವರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾಗಿದ್ದವರು. ಯಂತ್ರಕ್ಕೆ ಕೈ ಕೊಟ್ಟು ಮಲಗಿದಾಗಲೂ ಗಡ್ಡ ನುಣ್ಣಗೆ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿರುತ್ತಿದ್ದರು.

"ನೋಡಿ ಶಿವಣ್ಣ," ಅಂದರು ಒಂದು ದಿನ, ನಾನೂ ಅಲ್ಲೇ ನಿಂತಿದ್ದಾಗ. "ನನ್ನ ಹೆಂಡತಿ ಇದ್ದಿದ್ದರೆ ನಾನು ಮಾನ ಮರ್ಯಾದೆ ಎಲ್ಲ ಬಿಟ್ಟು ಕೇಳ್ತಿದ್ದೆ. ನೀವು ಕೇಳೋ ಮೊದಲೇ ಅವರು ಕೊಡ್ತೇನೆ ಅಂತಿದ್ದಾರೆ. ಎಂತ ಮನುಷ್ಯ ಮಾರಾಯ್ರೇ ನೀವು."

ಇವರು ಚಾವಣಿ ನೋಡುತ್ತಾ ಮಲಗಿದ್ದರು. ಬಸ್ಸು ಹತ್ತುವಾಗ ಮಾತ್ರ, "ಯಾವತ್ತು ಹೋಗಣ ಮೈಸೂರಿಗೆ?" ಎಂದು ಕೇಳಿದರು.

ಮೈಸೂರಿನಲ್ಲಿ ನನ್ನ ಪರೀಕ್ಷೆಗಳು ಸುಮಾರು ದಿನ ನಡೆದವು. ರಕ್ತ ಹೊಂದಿತು. ಸಕ್ಕರೆ ಇಲ್ಲ, ಬಿ.ಪಿ. ಇಲ್ಲ. ಪರೀಕ್ಷೆಯಲ್ಲಿ ಯಾವತ್ತೂ ಮೊದಲ ದರ್ಜೆ ಬಾರದ ನಾನು ಅಲ್ಲಿ ಒಂದೊಂದನ್ನೇ ಪಾಸಾಗುತ್ತಾ ಹೋದೆ. ಇವರ ಮುಖದಲ್ಲಿ ನಗು ಬಂತು. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ನನಗೆ ಮಸಾಲೆ ದೋಸೆ ಹೇಳಿ, ತಾವು ಮನೆಯಿಂದ ಕಟ್ಟಿಸಿಕೊಂಡು ಬಂದಿದ್ದ ಉಪ್ಪಿಲ್ಲದ ಇಡ್ಲಿ ಬಿಚ್ಚಿಕೊಂಡು, "ಚೆನ್ನಾಗಿ ತಿನ್ನು, ನಂಗೆ ಒಳ್ಳೆ ಪಾರ್ಟು ಬೇಕು" ಎಂದು ತಮಾಷೆ ಮಾಡಿದರು.

ಆಮೇಲೆ ಸ್ಕ್ಯಾನಿಂಗ್. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿದ ಹುಡುಗಿ ನನ್ನ ಊರು, ಮಕ್ಕಳು ಎಂದೆಲ್ಲ ಮಾತಾಡುತ್ತಾ ಇದ್ದವಳು ಎಡಗಡೆ ಬಂದಾಗ ಸುಮ್ಮನಾದಳು. ಒಂದೇ ಜಾಗದಲ್ಲಿ ಒತ್ತಿ ಒತ್ತಿ ನೋಡಿದಳು. ಎದ್ದು ಹೋಗಿ ಇನ್ನೊಬ್ಬರನ್ನು ಕರೆತಂದಳು. ನಂತರ ಸಿ.ಟಿ. ಮಾಡಿಸಬೇಕೆಂದರು. ಅದೂ ಈ ಪರೀಕ್ಷೆಗಳಲ್ಲಿ ಒಂದು ಎಂದುಕೊಂಡೆ.

ಡಾಕ್ಟರು ಕರೆದಾಗ ಇವರು ಕೆಳಗೆ ಔಷಧಿ ತರಲು ಹೋಗಿದ್ದರು. ಹೆಂಗಸು ಡಾಕ್ಟರು, ನನ್ನ ವಯಸ್ಸೇ ಇದ್ದೀತು. ಕುರ್ಚಿಯನ್ನು ಮೇಜು ಬಳಸಿ ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಲಲಿತಾ, ನೀವು ಕಿಡ್ನಿ ಕೊಡೋಕಾಗಲ್ಲ," ಅಂದರು. "ನಿಮ್ಮ ಎಡಗಡೆ ಕಿಡ್ನಿಯಲ್ಲಿ ಗಡ್ಡೆ ಇದೆ. ಕ್ಯಾನ್ಸರ್ ಅಂತಲೇ ನಮಗೆ ಅನ್ನಿಸ್ತಿದೆ. ಆಚೆ ಹರಡಿಲ್ಲ. ಆ ಕಿಡ್ನೀನ ತೆಗೆದುಬಿಟ್ಟರೆ ನೀವು ಚೆನ್ನಾಗಿರ್ತೀರ."

ನನಗೆ ಮೊದಲು ಹೊಳೆದದ್ದು ಗಡ್ಡೆಯಲ್ಲ. "ಇನ್ನೊಂದು ಚೆನ್ನಾಗಿದೆಯಲ್ಲ, ಅದನ್ನ ಕೊಡ್ಬೋದಾ?" ಎಂದು ಕೇಳಿದೆ. ಅವರು ನನ್ನ ಕೈ ಹಿಡಿದುಕೊಂಡರು. ಕೇಳಿದ್ದು ಎಂಥ ಪ್ರಶ್ನೆ ಎಂದು ನನಗೇ ಆಮೇಲೆ ಅರ್ಥವಾಯಿತು. ಗಂಡನಿಗೆ ನಾನೇ ಹೇಳುತ್ತೇನೆ ಎಂದು ಹೇಳಿ ಹೊರಗೆ ಬಂದೆ.

ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ನಾನು, ಈಚೆಗೆ ಇವರು. ಹುಣಸೂರು ದಾಟುವವರೆಗೂ ಇವರು ಮಾತಾಡುತ್ತಲೇ ಇದ್ದರು. ಆಪರೇಷನ್ ಆದ ಮೇಲೆ ಮೊದಲು ಏನು ಮಾಡುತ್ತಾರೆ ಎಂಬ ಮಾತು. ಶಿರಂಗಾಲದ ಮನೆಯ ನಲ್ಲಿಗೆ ಬಾಯಿ ಹಚ್ಚಿ ಹೊಟ್ಟೆ ತುಂಬ ನೀರು ಕುಡಿಯುತ್ತಾರಂತೆ. ಆಮೇಲೆ ತಮ್ಮನ ಶುಂಠಿ ಹೊಲಕ್ಕೆ ಹೋಗಿ ಟಿಲ್ಲರ್ ಹೊಡೆಯುತ್ತಾರಂತೆ. "ನಿನ್ನನ್ನ ಮಾತ್ರ ಒಂದು ಕೆಲಸ ಮಾಡಕ್ಕೆ ಬಿಡಾಕಿಲ್ಲ, ಮಹಾರಾಣಿ ಹಂಗೆ ಕೂತಿರು," ಅಂದರು. ಪಿರಿಯಾಪಟ್ಟಣದ ಹೊತ್ತಿಗೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಡಯಾಲಿಸಿಸ್ ಸೂಜಿಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದ ಅವರ ಎಡಗೈ ನನ್ನ ಮಡಿಲಲ್ಲಿತ್ತು. ಆ ಕೈಯ ಚರ್ಮದ ಕೆಳಗೆ ರಕ್ತ ಜುಮ್ಮೆಂದು ನಡುಗುವುದು ಬೆರಳಿಗೆ ತಾಗುತ್ತಿತ್ತು. ನನಗೆ ಬಸ್ಸು ನಿಲ್ಲಿಸಿ ಇಳಿದು ಎಲ್ಲಾದರೂ ನಡೆದುಬಿಡಬೇಕು ಅನ್ನಿಸಿತು. ಅವರಿಗೆ ಎಚ್ಚರವಾದೀತೆಂದು ಅಲ್ಲಾಡದೆ ಕೂತೆ.

ಒಂದು ವಾರ ಹಾಗೇ ಕಳೆಯಿತು. ಆಸ್ಪತ್ರೆಯವರು ಯಾವಾಗ ಕರೆಯುತ್ತಾರೆ ಎಂದು ದಿನಾ ಕೇಳುತ್ತಿದ್ದರು. ಹಬ್ಬದ ಬಟ್ಟೆ ಹೊಲಿಸುವವರು ಅಂಗಡಿ ತುಂಬಿಕೊಂಡಿದ್ದರು. ನಾನು ಒಬ್ಬಳ ಅಳತೆ ಇನ್ನೊಬ್ಬಳ ಬಟ್ಟೆಗೆ ಹಾಕಿ ಕತ್ತರಿಸಿಬಿಟ್ಟೆ. ಹಾಳಾದ ಬಟ್ಟೆಯನ್ನು ನೋಡುತ್ತಾ ನಿಂತವಳು, ಅಳತೆಯ ಟೇಪು ಕೊರಳಲ್ಲೇ ಇರುವಂತೆ ಪಕ್ಕದ ಶೆಡ್ಡಿಗೆ ಹೋದೆ. ಇವರು ಒಂದು ಟಿಲ್ಲರಿನ ಎಂಜಿನ್ ಬಿಚ್ಚಿಕೊಂಡು ಕೂತಿದ್ದರು.

"ಫೋನ್ ಬಂತಾ? ಕರೆದ್ರಾ?" ಅಂದರು.

"ಕರೆದವ್ರೆ. ನನ್ನನ್ನ ಒಬ್ಬಳನ್ನೇ."

ಎಲ್ಲವನ್ನೂ ಹೇಳಿದೆ. ಅವರು ಸ್ಪ್ಯಾನರ್ ಕೆಳಗಿಟ್ಟರು. ಸೀಮೆಎಣ್ಣೆಯಲ್ಲಿ ಕೈ ತೊಳೆದರು, ಆಮೇಲೆ ಸೋಪಿನಲ್ಲಿ, ಉಗುರು ಸಂದಿ ಎಲ್ಲ ಉಜ್ಜಿ ಉಜ್ಜಿ. ನಾನು ಅಳುತ್ತಿರಲಿಲ್ಲ. ಅವರೂ ಅಳಲಿಲ್ಲ. "ಒಂದು ವಾರ ಇದನ್ನ ಇಟ್ಕೊಂಡು ನನಗೆ ಗಂಜಿ ಬೇಯಿಸ್ತಾ ಇದ್ಯಲ್ಲ, ಲಲ್ತ," ಎಂದರು ಅಷ್ಟೇ. ಶಟರ್ ಎಳೆದರು. ಬಿಚ್ಚಿದ ಎಂಜಿನ್ನು ಹಾಗೇ ಹರಡಿಕೊಂಡಿತ್ತು. ಅವರು ಯಾವ ಮಿಷನ್ನನ್ನೂ ಹಾಗೆ ಬಿಟ್ಟು ಎದ್ದವರಲ್ಲ.

ಆವತ್ತಿನಿಂದ ರೋಗಿ ನಾನಾದೆ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಇವರು ನನ್ನ ರಿಪೋರ್ಟು ಹಿಡಿದು ಮೈಸೂರಿಗೆ ಓಡಾಡಿದರು. ಆಸ್ಪತ್ರೆಯ ಕೌಂಟರಿನಲ್ಲಿ ಜೋರು ಮಾಡಿ ಆಪರೇಷನ್ನಿಗೆ ಬೇಗ ದಿನ ಕೊಡಿಸಿದರು. ನಾನು ಮಲಗಿದ್ದಷ್ಟೂ ದಿನ ತಮ್ಮ ಡಯಾಲಿಸಿಸ್ಸನ್ನೂ ಮೈಸೂರಿಗೇ ಹಾಕಿಸಿಕೊಂಡರು. ಆಪರೇಷನ್ ಆಗಿ ನನಗೆ ಪ್ರಜ್ಞೆ ಬಂದಾಗ ಕಂಡದ್ದು ಅವರ ಕೈಯ ಬ್ಯಾಂಡೇಜು. ಯಂತ್ರದಿಂದ ನೇರ ಎದ್ದು ಬಂದಿದ್ದರು. ನಿಲ್ಲಲು ತ್ರಾಣವಿಲ್ಲದೆ ಮಂಚದ ಕಂಬಿ ಹಿಡಿದಿದ್ದರು.

"ತೆಗೆದ್ರು. ಪೂರ್ತಿ ಬಂತಂತೆ," ಅಂದರು. "ಮಲ್ಕೊ."

ಗಾಯ ಒಣಗುವವರೆಗೆ ರಶ್ಮಿ ನಮ್ಮಿಬ್ಬರನ್ನೂ ಗಾಳಿಬೀಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಫಿ ಹಣ್ಣಾಗಿತ್ತು, ಪಿಕಿಂಗ್ ಶುರುವಾಗಿತ್ತು. ಅಳಿಯನ ತಾಯಿ ಗಂಗಮ್ಮ ಅರೆಭಾಷೆಯ ಗೌಡರು, ಒಳ್ಳೆಯ ಹೆಂಗಸು. ನನ್ನನ್ನು ಬಚ್ಚಲಿಗೂ ಒಬ್ಬಳನ್ನೇ ಬಿಡುತ್ತಿರಲಿಲ್ಲ. ನೋಡಲು ಬಂದ ನೆಂಟರಿಗೆ ಕಾಫಿ ಕೊಡುತ್ತಾ ಅವರೇ ಒಂದು ದಿನ ಆ ಮಾತು ಆಡಿದರು.

"ಬೀಗರಿಗೆ ಕಾಯಿಲೆ ಬಂದದ್ದೇ ಒಳ್ಳೇದಾತ್. ಇಲ್ಲದಿದ್ದರೆ ಇವರದ್ದು ಗೊತ್ತಾಗ್ತಾನೇ ಇರ್ಲಿಲ್ಲೆ. ಅವರ ಕಾಯಿಲೆ ಇವರ ಜೀವ ಉಳಿಸಿತು."

ಆ ಮಾತು ನನಗೆ ಹೊಸದಲ್ಲ. ಮೈಸೂರಿನ ನರ್ಸು ಹೇಳಿದ್ದಳು, ಮೈದುನ ಹೇಳಿದ್ದ, ಕುಶಾಲನಗರದಿಂದ ಫೋನ್ ಮಾಡಿದವರೆಲ್ಲ ಹೇಳಿದ್ದರು. ಆದರೆ ಅವತ್ತು ಇವರು ಅಲ್ಲೇ ಜಗಲಿಯ ಮೇಲೆ, ಕೇಳಿಸುವಷ್ಟು ದೂರದಲ್ಲಿ ಕೂತಿದ್ದರು. ನನ್ನ ಮೈಯೆಲ್ಲ ಉರಿದುಹೋಯಿತು.

"ಯಾರ ಕಾಯಿಲೆ ಯಾರಿಗೆ ಒಳ್ಳೇದು? ಅವರು ನೀರಿಲ್ಲದೆ ಒಣಗ್ತಾ ಇದಾರೆ, ಅದನ್ನ ನನ್ನ ಪುಣ್ಯ ಅಂತೀರಾ? ಇನ್ನೊಂದು ಸಲ ಹಂಗೆ ಅಂದ್ರೆ ನಾನು ಈ ಮನೇಲಿ ಇರಲ್ಲ," ಅಂದೆ. ಹೊಲಿಗೆ ಎಳೆದು ನೋವಾಯಿತು. ಗಂಗಮ್ಮ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ರಶ್ಮಿ ನನ್ನ ಕಡೆ ನೋಡಲಿಲ್ಲ. ಬೀಗರ ಮನೆಯಲ್ಲಿ ಕೂತು ಆಡುವ ಮಾತಲ್ಲ ಅದು, ಗೊತ್ತಿತ್ತು. ಆದರೂ ತಪ್ಪು ಅನ್ನಿಸಲಿಲ್ಲ.

ಆ ದಿನಗಳಲ್ಲೇ ಪೂವಯ್ಯನವರು ತೀರಿಕೊಂಡರು. ಇವರು ಮಡಿಕೇರಿಗೆ ಹೋದಾಗ ಆ ಮಂಚದಲ್ಲಿ ಬೇರೆ ಯಾರೋ ಮಲಗಿದ್ದರಂತೆ. ವಾಪಸು ಬಂದವರು ಉಣ್ಣಲಿಲ್ಲ, ಕೂರಲೂ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಅಳಿಯನ ಪಲ್ಪರ್ ಕೆಟ್ಟು ನಿಂತಿತ್ತು. ಅದರ ಮುಂದೆ ಹೋಗಿ ಬಗ್ಗಿದರು. ಕತ್ತಲಾಗುವ ಮೊದಲು ಅದನ್ನು ಓಡಿಸಿಯೇ ಎದ್ದದ್ದು.

ಮರುದಿನ ಮಧ್ಯಾಹ್ನ ಕಣದಲ್ಲಿ ಹರಡಿದ ಕಾಫಿಯನ್ನು ಕಾಲಿನಿಂದ ತಿರುವುತ್ತಾ ಓಡಾಡುತ್ತಿದ್ದರು. ನಾನು ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಕೂತಿದ್ದೆ. ಆ ಕಡೆಯಿಂದ ಈ ಕಡೆಗೆ ಬಂದಾಗಲೆಲ್ಲ ಒಂದೊಂದು ಮಾತು.

"ಗಂಗಮ್ಮೋರನ್ನ ಹಂಗೆ ಬೈಬಾರದಿತ್ತು ನೀನು."

"ನಿಮಗೆ ಕೇಳಿಸ್ತಲ್ಲ, ಅದಕ್ಕೇ ಬೈದಿದ್ದು."

ಅವರು ಆ ತುದಿಗೆ ಹೋಗಿ ತಿರುಗಿ ಬಂದರು. ನನ್ನೆದುರು ನಿಂತರು. ಕಾಲು ಮಾತ್ರ ಕಾಫಿಯೊಳಗೆ ಅಲ್ಲಾಡುತ್ತಲೇ ಇತ್ತು.

"ನಂಗೆ ಆ ಮಾತು ಕೇಳಾಕೆ ಇಷ್ಟ ಕಣೆ," ಅಂದರು.

ನಾನು ಬಿಸಿಲಿಗೆ ಕೈ ಅಡ್ಡ ಹಿಡಿದು ಅವರ ಮುಖ ನೋಡಿದೆ.

"ಈ ವರ್ಷ ಎಲ್ರೂ ನನಗೆ ಮಾಡಿದ್ದೇ. ನೀನು ಮಾಡ್ದೆ, ಮಗಳು ಮಾಡಿದ್ಲು, ಆ ನರ್ಸ್ ಹುಡ್ಗೀರು ಮಾಡಿದ್ರು. ನಾನು ಯಾರಿಗೂ ಒಂದು ಲೋಟ ಎತ್ತಿ ಕೊಟ್ಟಿದ್ದಿಲ್ಲ. ಈ ಹಾಳು ಕಾಯ್ಲೆಯಿಂದ ನೀನು ಉಳಕಂಡೆ ಅಂತ ಯಾರಾದ್ರೂ ಅಂದ್ರೆ, ಯಂತ್ರದ ಮೇಲೆ ಮಲಗಿದಾಗ ಅದನ್ನೇ ನೆನೆಸ್ಕೊತೀನಿ. ಬೇಗ ಹೊತ್ತು ಹೋಗ್ತದೆ." ಒಂದು ಹೆಜ್ಜೆ ಹೋದವರು ತಿರುಗಿದರು. "ಅವರು ಹೇಳ್ಕೊಳ್ಲಿ. ಜಗಳಕ್ಕೆ ಹೋಗಬ್ಯಾಡ."

ಆ ಮಾತು ಅವರನ್ನು ಇರಿಯುತ್ತದೆ ಎಂದುಕೊಂಡು ಗಂಗಮ್ಮನವರ ಮೇಲೆ ಹರಿಹಾಯ್ದಿದ್ದೆ. ಅವರು ಅದನ್ನು ಒಳಗೆ ಬೆಚ್ಚಗೆ ಇಟ್ಟುಕೊಂಡಿದ್ದರು.

ಕುಶಾಲನಗರಕ್ಕೆ ಮರಳಿದೆವು. ನಾನು ಮಿಷನ್ನು ತುಳಿಯತೊಡಗಿದೆ, ಇವರು ಬಿಚ್ಚಿಟ್ಟಿದ್ದ ಎಂಜಿನ್ನನ್ನು ಜೋಡಿಸಿದರು. ಬೇರೆಯವರ ಕಿಡ್ನಿಗಾಗಿ ಹೆಸರು ಬರೆಸಿ ಬಂದಿದ್ದೆವು; ಕರೆ ಬರಲಿಲ್ಲ. ಮುಂದಿನ ಮುಂಗಾರು ಇನ್ನೂ ದೂರವಿದ್ದಾಗ, ಒಂದು ಬೆಳಿಗ್ಗೆ ಶೆಡ್ಡಿಗೆ ಹೊರಡಲು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವರು ಗೋಡೆ ಹಿಡಿದು ಕೂತರು. ನಾನು ಬಂದು ಹಿಡಿಯುವಷ್ಟರಲ್ಲಿ ಮುಗಿದಿತ್ತು. ಹೃದಯ ಎಂದರು. ನಾನು ಅವರ ಎಡಗೈ ಹಿಡಿದು ನೋಡಿದೆ. ನಡುಕ ನಿಂತಿತ್ತು.

ಹನ್ನೊಂದನೆಯ ದಿನದ ಕಾರ್ಯ ಶಿರಂಗಾಲದ ಮನೆಯಲ್ಲಿ ಆಯಿತು. ಊಟವಾದ ಮೇಲೆ ಹೆಂಗಸರು ಒಳಮನೆಯಲ್ಲಿ ಕೂತಿದ್ದೆವು. ನಾನು ಕೂತಲ್ಲಿ ಕೂರಲಾಗದೆ ಎದ್ದು ಎಲೆ ಅಡಿಕೆ ತಟ್ಟೆ ತರುವುದು, ಚಾಪೆ ಸರಿ ಮಾಡುವುದು, ಹೀಗೆ ಏನಾದರೂ ಮಾಡುತ್ತಲೇ ಇದ್ದೆ. ಅರಕಲಗೂಡಿನಿಂದ ಬಂದಿದ್ದ ಇವರ ಸೋದರತ್ತೆ, ತುಂಬ ವಯಸ್ಸಾದವರು, ನನ್ನ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಪುಣ್ಯಾತ್ಮ ಕಣವ್ವ ಅವನು. ತನಗೆ ಕಾಯ್ಲೆ ತರಿಸ್ಕಂಡು ನಿನ್ನ ಜೀವ..."

ಗಂಗಮ್ಮ ಬಾಗಿಲ ಬಳಿ ಕೂತಿದ್ದರು. ನನ್ನ ಮುಖ ನೋಡಿ ಗಾಬರಿಯಾದರು. "ಅಜ್ಜಿ, ಅದು ಬೇಡ, ಆ ಮಾತು ಆಡುದು ಬೇಡ," ಎಂದು ಅಡ್ಡ ಬಂದರು. ರಶ್ಮಿಯೂ ತಲೆ ಎತ್ತಿ ನನ್ನನ್ನೇ ನೋಡಿದಳು.

"ಹೇಳ್ಲಿ ಬಿಡಿ ಗಂಗಮ್ಮ," ಅಂದೆ.

ಅಜ್ಜಿ ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ನಾನು ಅವರ ಕಿವಿಯ ಹತ್ತಿರ ಬಾಗಿ, ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿದೆ: "ಅರ್ಧಕ್ಕೆ ನಿಲ್ಲಿಸಿದ್ರಲ್ಲ ಅತ್ತೆ, ಪೂರ್ತಿ ಹೇಳಿ."

ಅವರು ಮೊದಲಿನಿಂದ ಶುರು ಮಾಡಿದರು. ಅವರು ಮುಗಿಸುವವರೆಗೂ ನಾನು ಏಳದೆ ಕೂತಿದ್ದೆ.